ರಿಮೋಟ್ ಸ್ಟಾರ್ಟರ್, ಫಸ್ಟ್ ಗೇರು, ಅಪ್ಪನ ಕುರ್ಚಿ

ಇವತ್ತು ತೊಗರಿ ಸುದ್ದಿ ಇಲ್ಲ, ಕಾರಿನ ಸುದ್ದಿ. ಬೇಜಾರು ಮಾಡ್ಕೋಬ್ಯಾಡ್ರಿ. ಬರೆಯೋದೇ ಬ್ಯಾಡ ಅಂತ ಸುಮ್ಮನಿದ್ದೆ. ಮೊನ್ನೆ ಪಕ್ಕದೂರಿನ ಗೆಳೆಯ ಫೋನ್ ಮಾಡಿ, "ನಿನ್ನ ಕಾರಿಗೆ ರಿಮೋಟ್ ಸ್ಟಾರ್ಟರ್ ಹಾಕ್ಸೀಯಂತಲ್ಲ, ಹೆಂಗದ? ನಾನೂ ಒಂದು ತರಿಸ್ಲಾ?" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಹಾಕ್ತೀನಿ.

ಅಪ್ಪಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ತಾಲೂಕಿಗೆ ಕರ್ಕೊಂಡು ಹೋಗಬೇಕು. ಕಲಬುರಗಿ ಕಡೆ ಮೇ ತಿಂಗಳ ಬಿಸಿಲು ಹೆಂಗಿರ್ತದ ಅಂತ ಬೇರೆ ಹೇಳಬೇಕಿಲ್ಲ. ನಿಂತ ಕಾರಿನ ಬಾಗಿಲು ತೆಗೆದರೆ ಒಲೆ ಬಾಯಿ ತೆಗೆದಂಗೆ. ಸೋತು ಬಂದ ಮನುಷ್ಯನನ್ನ ಅದರಾಗ ಕೂಡಿಸೋಕೆ ಮನಸ್ಸು ಬರ್ತಿರಲಿಲ್ಲ. ನಮ್ಮ ಬೋರಿನ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಅದ. ಮನೇಲಿ ಕೂತು ಒಂದು ಕಾಲ್ ಮಾಡಿದರೆ ಹೊಲದಾಗ ನೀರು ಬೀಳ್ತದೆ. ಕಾರಿಗೂ ಅಂಥದ್ದೊಂದು ಇದ್ದರೆ ಹತ್ತು ನಿಮಿಷ ಮೊದಲೇ ಎಸಿ ಓಡಿಸಬಹುದಲ್ಲ ಅನ್ನಿಸಿತು. ಆನ್‌ಲೈನ್‌ನಲ್ಲಿ ಕಿಟ್ ತರಿಸಿ ಪ್ಯಾಟಿಯ ಒಂದು ಅಂಗಡಿಯಲ್ಲಿ ಕೂಡಿಸಿದೆ.

ನನಗೆ ಆಗ ಹೊಳೆಯದ ಮಾತು ಒಂದಿತ್ತು. ಮೋಟರಿಗೆ ಗೇರ್ ಇಲ್ಲ, ಕಾರಿಗೆ ಅದ. ನನ್ನದು ಹಳೇ ಪೆಟ್ರೋಲ್ ಕಾರು. ಕ್ಲಚ್ ಒತ್ತದಿದ್ದರೂ ಕೀ ತಿರುವಿದರೆ ಸ್ಟಾರ್ಟ್ ಆಗ್ತದೆ. ಗೇರಿನಲ್ಲಿದ್ದಾಗ ತಿರುವಿದರೆ ಮುಂದಕ್ಕೆ ಜಿಗೀತದೆ. ನಾವು ಸೀಟಿನಲ್ಲಿ ಕೂತಿದ್ದರೆ ಕಾಲು ತಾನಾಗೇ ಬ್ರೇಕಿಗೆ ಹೋಗ್ತದೆ. ರಿಮೋಟಿಗೆ ಕಾಲಿಲ್ಲ.

ಅದಕ್ಕೇ ಗೇರ್ ಕಾರಿಗೆ ಅಂತ ಆ ಕಿಟ್‌ನಲ್ಲಿ ಒಂದು ಪದ್ಧತಿ ಇಟ್ಟಿರ್ತಾರೆ. ಇಂಜಿನ್ ಓಡ್ತಿರುವಾಗಲೇ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ರಿಮೋಟ್ ಒತ್ತಿ ಕೀ ತೆಗೀಬೇಕು. ಕೀ ತೆಗೆದರೂ ಇಂಜಿನ್ ಓಡ್ತಾನೇ ಇರ್ತದೆ. ಇಳಿದು, ಬಾಗಿಲು ಹಾಕಿ, ಲಾಕ್ ಮಾಡಿದ ಮೇಲೆ ತಾನೇ ಆಫ್ ಆಗ್ತದೆ. ಗೇರಿನಲ್ಲಿದ್ದರೆ ಕ್ಲಚ್ ಬಿಟ್ಟು ಇಳಿಯುವಾಗಲೇ ಬಂದ್ ಬೀಳ್ತಿತ್ತು, ಬೀಳಲಿಲ್ಲ ಅಂದರೆ ಗಾಡಿ ನ್ಯೂಟ್ರಲ್‌ನಲ್ಲೇ ಅದ ಅಂತ ಪೆಟ್ಟಿಗೆಗೆ ಖಾತ್ರಿ. ಇದಕ್ಕೆ ರೆಡಿ ಮೋಡ್ ಅಂತಾರೆ. ಆಮೇಲೆ ಒಂದು ಬಾಗಿಲು ತೆಗೆದರೂ ಆ ಖಾತ್ರಿ ರದ್ದು. ಯಾರೋ ಒಳಗೆ ಹೋಗಿ ಗೇರ್ ಹಾಕಿರಬಹುದು ಅಂತ ಪೆಟ್ಟಿಗೆ ಸ್ಟಾರ್ಟ್ ಮಾಡಲ್ಲ.

ನಮ್ಮ ಕಾರಿನಲ್ಲಿ ಈ ರೆಡಿ ಮೋಡ್ ಕೂಡಲೇ ಇಲ್ಲ. ಎಷ್ಟು ಸಲ ಮಾಡಿದರೂ ರಿಮೋಟ್ ಒತ್ತಿದರೆ ಇಂಡಿಕೇಟರ್ ಮಿನುಗಿ ಸುಮ್ಮನಾಗೋದು. ಅಂಗಡಿಗೆ ಮೂರು ಸಲ ಅಡ್ಡಾಡಿದೆ. ಮೂರನೇ ಸಲ ಹುಡುಗ ಡ್ಯಾಶ್‌ಬೋರ್ಡ್ ಕೆಳಗೆ ಅರ್ಧ ಗಂಟೆ ಮಲಗಿ ಎದ್ದ. "ಆತ್ರೀ ಅಣ್ಣಾ, ಇನ್ನ ಯಾವಾಗ ಒತ್ತಿದ್ರೂ ಸ್ಟಾರ್ಟ್ ಆಗ್ತದ," ಅಂದ. ಆಯ್ತು. ರೆಡಿ ಮೋಡ್ ಗೊಡವೆಯೇ ಇಲ್ಲ, ಒತ್ತಿದರೆ ಸ್ಟಾರ್ಟ್. ನಾನೂ ಖುಷಿಯಿಂದ ರೊಕ್ಕ ಕೊಟ್ಟು ಬಂದೆ. ಏನು ಮಾಡಿದಿ ಅಂತ ಒಂದು ಮಾತು ಕೇಳಲಿಲ್ಲ. ಅದು ನನ್ನ ತಪ್ಪು.

ನಮ್ಮ ಅಂಗಳ ಸ್ವಲ್ಪ ಇಳಿಜಾರು. ಹ್ಯಾಂಡ್ ಬ್ರೇಕ್ ಮೊದಲಿಂದಲೂ ಸಡಿಲ. ಹಂಗಾಗಿ ಮನೆಯವರೆಲ್ಲ ಫಸ್ಟ್ ಗೇರ್ ಹಾಕಿ ನಿಲ್ಲಿಸೋದೇ ರೂಢಿ. ಸ್ಟಾರ್ಟರ್ ಹಾಕಿಸಿದ ಮೇಲೆ "ನ್ಯೂಟ್ರಲ್ ಮಾಡಿ ಗಾಲಿಗೆ ಕಲ್ಲು ಕೊಡ್ರಿ" ಅಂತ ಎಲ್ಲರಿಗೂ ಹೇಳಿದ್ದೆ. ಬಾಯಿ ಹೂಂ ಅಂತದೆ, ಕೈ ತನ್ನ ರೂಢಿ ಬಿಡಲ್ಲ.

ಆ ದಿನ ಬೆಳಿಗ್ಗೆ ಟ್ರ್ಯಾಕ್ಟರ್ ಟ್ರೇಲರ್ ಒಳಗೆ ಬರಬೇಕಿತ್ತು. ತಮ್ಮ ಕಾರು ತೆಗೆದು ಬೇವಿನ ಮರದ ಕಡೆ ಮುಖ ಮಾಡಿ ನಿಲ್ಲಿಸಿ ಹೊಲಕ್ಕೆ ಹೋದ. ಮರದ ಕೆಳಗೆ ಅಪ್ಪನ ಪ್ಲಾಸ್ಟಿಕ್ ಕುರ್ಚಿ, ಅವನ ಖಾಯಂ ಜಾಗ. ಹನ್ನೊಂದಕ್ಕೆ ಹೊರಡಬೇಕು ಅಂತ ನಾನು ಅಡುಗೆಮನೆಯಲ್ಲೇ ನಿಂತು ರಿಮೋಟ್ ಒತ್ತಿದೆ. ಕಾರು ಘರ್ ಅಂದಿತು, ಹಿಂದೆಯೇ ಟಪ್ ಅಂತ ಸಪ್ಪಳ.

ಓಡಿ ಬಂದು ನೋಡಿದರೆ ಕಾರು ಮರಕ್ಕೆ ತಾಗಿ ಬಂದ್ ಬಿದ್ದದೆ. ಬಂಪರಿಗೂ ಮರಕ್ಕೂ ನಡುವೆ ಕುರ್ಚಿ ಎರಡು ತುಂಡು. ಕುರ್ಚಿಯಲ್ಲಿ ಅಪ್ಪ ಇರಲಿಲ್ಲ. ಹೊರಡೋ ಮುಂದೆ ಗುಳಿಗೆ ತಗೋಬೇಕು ಅಂತ ಆಗಷ್ಟೇ ಎದ್ದು ಒಳಗೆ ಹೋಗಿದ್ದ. ಬಾಗಿಲಿಗೆ ಬಂದು ನೋಡಿ, "ಗಾಡಿಗೂ ಅವಸರ ಆಗ್ಯದೇನೋ, ನನ್ನ ಬಿಟ್ಟೇ ಹೊಂಟದಲ್ಲೋ," ಅಂದ. ಅವ ನಕ್ಕ. ನನಗೆ ನಿಲ್ಲೋಕೆ ಆಗಲಿಲ್ಲ, ಕಟ್ಟೆ ಮೇಲೆ ಕೂತೆ.

ಮರುದಿನ ಬೇರೆ ಊರಿನ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದೆ. ಉಸ್ತಾದರು ವೈರ್ ಬಿಚ್ಚಿ ಒಂದೊಂದೇ ತೋರಿಸಿದರು. ಆ ಪೆಟ್ಟಿಗೆಯಲ್ಲಿ ಒಂದು ಸಣ್ಣ ವೈರಿನ ಉಂಗುರ ಇರ್ತದೆ. ಕತ್ತರಿಸಿದರೆ ಗೇರ್ ಕಾರು, ಹಂಗೇ ಬಿಟ್ಟರೆ ಆಟೋಮ್ಯಾಟಿಕ್ ಕಾರು ಅಂತ ಲೆಕ್ಕ. ಹುಡುಗ ಮೊದಲು ಕತ್ತರಿಸಿದ್ದನ್ನ ಮತ್ತೆ ಕೂಡಿಸಿದ್ದ. ಅಂದರೆ "ಇದು ಆಟೋಮ್ಯಾಟಿಕ್ ಗಾಡಿ" ಅಂತ ಪೆಟ್ಟಿಗೆಗೆ ಸುಳ್ಳು ಹೇಳಿದ್ದ. ಹ್ಯಾಂಡ್ ಬ್ರೇಕಿನಿಂದ ಬರಬೇಕಾದ ವೈರನ್ನ ಬಾಡಿಗೆ ಅರ್ಥ್ ಮಾಡಿಬಿಟ್ಟಿದ್ದ. ಬ್ರೇಕ್ ಎಳೆದರೂ ಬಿಟ್ಟರೂ ಪೆಟ್ಟಿಗೆಗೆ ಎಳೆದಂಗೇ.

"ಹಂಗಾದ್ರ ಮೊದಲು ರೆಡಿ ಮೋಡ್ ಯಾಕ ಕೂಡ್ತಿರಲಿಲ್ಲ ಉಸ್ತಾದ್?" ಅಂದೆ. ಅವರು ತಲೆ ಎತ್ತಿ ಒಳಗಿನ ಲೈಟ್ ನೋಡಿದರು. "ಇದು ಯಾವಾಗಿಂದ ಹತ್ತಲ್ಲ?" ಎರಡು ವರ್ಷ ಆಗಿರಬೇಕು, ಬಲ್ಬ್ ಹೋಗಿದೆ ಅಂತ ಬಿಟ್ಟಿದ್ದೆ. ಹೊಸ ಬಲ್ಬ್ ಹಾಕಿದರು. ನಾಲ್ಕೂ ಬಾಗಿಲು ಹಾಕಿದರೂ ಆರಲಿಲ್ಲ. ಡ್ರೈವರ್ ಬಾಗಿಲ ಕಂಬದಲ್ಲಿರೋ ಗುಂಡಿ ಧೂಳು, ತುಕ್ಕು ತುಂಬಿ ಕೆಟ್ಟುಹೋಗಿತ್ತು. ಕಾರಿನ ಲೆಕ್ಕದಾಗ ಎರಡು ವರ್ಷದಿಂದ ಬಾಗಿಲು ತೆರೆದೇ ಇತ್ತು. ಬಾಗಿಲು ತೆರೆದಿದೆ ಅಂತ ಪೆಟ್ಟಿಗೆ ಸ್ಟಾರ್ಟ್ ಮಾಡಲಿಲ್ಲ, ಅಷ್ಟೇ. ಕೆಟ್ಟದ್ದು ಗುಂಡಿ, ಪೆಟ್ಟಿಗೆ ಸರಿಯಾಗೇ ಇತ್ತು. ನಾವು ಗುಂಡಿ ಬಿಟ್ಟು, ಪೆಟ್ಟಿಗೆಯ ಬಾಯಿ ಮುಚ್ಚಿಸಿದ್ದೆವು.

ಗುಂಡಿ ಹೊಸದು ಹಾಕಿ, ಉಂಗುರ ಕತ್ತರಿಸಿ, ಹ್ಯಾಂಡ್ ಬ್ರೇಕ್ ವೈರ್ ಅದರ ಜಾಗಕ್ಕೆ ಕೊಟ್ಟು, ಬ್ರೇಕ್ ಕೇಬಲ್ ಬಿಗಿ ಮಾಡಿಸಿದೆ. ಆಮೇಲೆ ಉಸ್ತಾದರು ಟೆಸ್ಟ್ ಮಾಡಿದ ರೀತಿ ನೋಡ್ರಿ, ಇದನ್ನ ನೆನಪಿಡ್ರಿ. ಖಾಲಿ ಜಾಗದಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಂಗೆ, ನ್ಯೂಟ್ರಲ್‌ನಲ್ಲಿ ನಿಲ್ಲಿಸಿದರು. ರೆಡಿ ಮೋಡ್ ಕೂಡಿಸಿ, ಒಂದೊಂದೇ ಬಾಗಿಲು ತೆಗೆದು ಹಾಕಿ ರಿಮೋಟ್ ಒತ್ತಿದರು. ಸ್ಟಾರ್ಟ್ ಆಗಬಾರದು, ಆಗಲಿಲ್ಲ. ಪ್ರತಿ ಬಾಗಿಲಿಗೂ ಮೊದಲಿಂದ ಕೂಡಿಸಿದರು. ಹ್ಯಾಂಡ್ ಬ್ರೇಕ್ ಇಳಿಸಿ ನೋಡಿದರು, ಬಾನೆಟ್ ಎತ್ತಿ ನೋಡಿದರು, ಆಗಲಿಲ್ಲ. ರಿಮೋಟಿನಿಂದ ಓಡುವಾಗ ಬ್ರೇಕ್ ತುಳಿದರು, ತಕ್ಷಣ ಬಂದ್ ಆಯಿತು. "ಸ್ಟಾರ್ಟ್ ಆಗೋದನ್ನ ಎಲ್ಲಾರೂ ನೋಡ್ತಾರ. ಆಗಬಾರದಾಗ ಆಗಲ್ಲ ಅನ್ನೋದನ್ನ ನೋಡ್ಬೇಕು," ಅಂದರು.

ಗೆಳೆಯನಿಗೆ ಇಷ್ಟೇ ಹೇಳಿದೆ. ಕಾರು ಇಳಿಜಾರಿನಾಗೆ ಗೇರ್ ಹಾಕಿ ನಿಲ್ಲಿಸೋದೇ ಆದರೆ ಇದು ಬ್ಯಾಡ. ಬಾಗಿಲು ಹಾಕಿದ ಶೆಡ್ಡಿನಾಗೂ ಬ್ಯಾಡ, ಹೊಗೆ ತುಂಬ್ತದೆ. ಹಾಕ್ಸಿದರೆ ಮೊದಲು ಒಳಗಿನ ಲೈಟ್ ಬಾಗಿಲಿನ ಜೊತೆ ಹತ್ತಿ ಆರ್ತದಾ ನೋಡು. ಕಣ್ಣಿಗೆ ಕಾಣದಿದ್ದರೆ ರಿಮೋಟ್ ಒತ್ತಬ್ಯಾಡ.

ಮೋಟರಿನ ಮೇಲೂ ನನಗೀಗ ಮೊದಲಿನ ಧೈರ್ಯ ಇಲ್ಲ. ಸ್ಟಾರ್ಟರ್ ಡಬ್ಬಿಗೆ ಯಾರೇ ಕೈ ಹಾಕಿದರೂ ಫ್ಯೂಜ್ ಮೂರೂ ಕಿತ್ತು ಜೇಬಿನಾಗ ಇಟ್ಕೋಬೇಕು ಅಂತ ತಮ್ಮಗೆ ಹೇಳಿದ್ದೀನಿ.

ಕಾರನ್ನ ಈಗ ಬೀದಿ ಕಡೆ ಸಮತಟ್ಟು ಜಾಗದಲ್ಲಿ ನಿಲ್ಲಿಸ್ತೀವಿ. ಅಪ್ಪಗೆ ಹೊಸ ಕುರ್ಚಿ ತಂದೆ. ಅವ ಅದನ್ನ ತಾನೇ ಎತ್ತಿಕೊಂಡು ಹೋಗಿ ಮರದ ಆ ಕಡೆ ಹಾಕಿಕೊಂಡಿದ್ದಾನೆ.