ದೋಣಿಯ ಹೊಟ್ಟೆಯೊಳಗಿನ ಮರ
ಶಿಕಾರಿಪುರದಿಂದ ಸೊರಬದತ್ತ ಹೊರಟವರಿಗೆ ನೀರಿನ ನೋಟಕ್ಕೆ ಬರವಿಲ್ಲ. ಇತ್ತ ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯ, ಅತ್ತ ದಂಡಾವತಿ, ಹಕ್ಕಿಗಳ ಗುಡವಿ ಕೆರೆ. ಇಂಥ ನೀರಿಗೆ ಬಿದಿರಿನ ತೆಪ್ಪ ಹಳೆಯ ನೆಂಟ. ಹಾಳಾದರೆ ಕಣ್ಣಿಗೇ ಕಾಣುತ್ತದೆ. ಫೈಬರ್ ದೋಣಿ ಹಾಗಲ್ಲ. ಗಾಜಿನ ನಾರು, ರಾಳ ಕೊಳೆಯುವುದಿಲ್ಲ, ನಿಜ. ಆದರೆ ಎಷ್ಟೋ ಹಳೆಯ ದೋಣಿಗಳ ನೆಲದೊಳಗೆ ಅಡಗಿರುವುದು ಪ್ಲೈವುಡ್. ಸ್ಕ್ರೂ ತೂತಿನಲ್ಲಿ ಇಳಿದ ನೀರು ಆರುವುದಿಲ್ಲ, ಅಲ್ಲಿ ಶಿಲೀಂಧ್ರ ಮನೆ ಮಾಡುತ್ತದೆ. ಕಾಲಿಟ್ಟಲ್ಲಿ ನೆಲ ಕುಸಿದಂತಾದರೆ, ತಟ್ಟಿದಾಗ ಮಂಕು ಸದ್ದು ಬಂದರೆ ಮೇಲಿನ ತೇಪೆ ಸಾಲದು. ಕೂತವರ ಜೀವದ ಪ್ರಶ್ನೆ! ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದು, ಒಡಲು ಒಣಗಿಸಿ, ಹೊಸ ಹಲಗೆಯ ಎರಡೂ ಮೈಗೆ, ಅಂಚಿಗೆ, ತೂತಿನ ಒಳಗೂ ರಾಳ ಕುಡಿಸಬೇಕು. ಮಲೆನಾಡಿನ ಸೆರಗಿನ ಈ ಸೀಮೆಯಲ್ಲಿ ಅದಕ್ಕೆ ಬೇಸಿಗೆಯೇ ಸರಿ.