ಮಾವುತನ ಮಗ ಸಾಬು

ಸಂಸ್ಕೃತದ ‘ಪಾತ್ರ’ವೆಂಬ ಶಬ್ದಕ್ಕೆ ಭಾಂಡವೆಂದೂ, ನಾಟಕದ ವೇಷವೆಂದೂ, ಯೋಗ್ಯನಾದ ಮನುಷ್ಯನೆಂದೂ ಮೂರು ಅರ್ಥಗಳುಂಟು. ಯೋಗ್ಯನೊಬ್ಬನು ತನ್ನ ವೇಷವೆಂಬ ಭಾಂಡದಲ್ಲಿಯೇ ಸಿಕ್ಕಿಕೊಂಡರೆ ಏನಾದೀತೆಂಬುದಕ್ಕೆ ಕನ್ನಡ ನಾಡಿನಿಂದ ಹಾಲಿವುಡ್ಡಿಗೆ ಹೋದ ನಟ ಸಾಬುವಿನ ಬಾಳು ನಿದರ್ಶನವಾಗಿದೆ.

ಮೈಸೂರು ಸೀಮೆಯ ಕಾರಾಪುರದಲ್ಲಿ 1924ನೆಯ ಇಸವಿಯಲ್ಲಿ ಈತನು ಹುಟ್ಟಿದನು. ತಂದೆಯು ಮಹಾರಾಜರ ಆನೆಗಳ ಮಾವುತ. ತಂದೆ ತೀರಿದ ಮೇಲೆ ಬಾಲಕನು ಅರಮನೆಯ ಆನೆಲಾಯದಲ್ಲಿಯೇ ಊಳಿಗಕ್ಕೆ ನಿಂತನು. ಕಿಪ್ಲಿಂಗನ ಕಥೆಯೊಂದನ್ನು ತೆರೆಗೆ ತರುವುದಕ್ಕಾಗಿ ರಾಬರ್ಟ್ ಫ್ಲಾಹರ್ಟಿಯ ತಂಡವು 1935ರಲ್ಲಿ ಮೈಸೂರಿಗೆ ಬಂದಾಗ, ಆನೆಯೊಡನೆ ಗೆಳೆಯನಂತೆ ನಡೆದುಕೊಳ್ಳುತ್ತಿದ್ದ ಈ ಹುಡುಗನೇ ಅವರ ಕಣ್ಣಿಗೆ ಬಿದ್ದನು. 1937ರಲ್ಲಿ ‘ಎಲಿಫೆಂಟ್ ಬಾಯ್’ ಚಿತ್ರವು ಹೊರಬರುತ್ತಲೇ ಅನಾಥ ಬಾಲಕನ ಹೆಸರು ದೇಶದೇಶಗಳಲ್ಲಿ ಹಬ್ಬಿತು. ಮುಂದೆ ‘ದಿ ಡ್ರಮ್’ (1938), ‘ದಿ ಥೀಫ್ ಆಫ್ ಬಾಗ್ದಾದ್’ (1940), ‘ಜಂಗಲ್ ಬುಕ್’ (1942) ಒಂದರ ಹಿಂದೊಂದು ಬಂದವು.

1944ರಲ್ಲಿ ಆತನು ಅಮೆರಿಕದ ಪ್ರಜೆಯಾದನು. ಆ ದೇಶದ ವಾಯುಪಡೆಯನ್ನು ಸೇರಿ, ಬಾಂಬು ಹಾಕುವ ವಿಮಾನದಲ್ಲಿ ಬಂದೂಕುಗಾರನಾಗಿ ಪ್ಯಾಸಿಫಿಕ್ ಸಮುದ್ರದ ಮೇಲೆ ಕಾದಾಡಿ, ‘ಡಿಸ್ಟಿಂಗ್ವಿಷ್ಡ್ ಫ್ಲಾಯಿಂಗ್ ಕ್ರಾಸ್’ ಎಂಬ ಶೌರ್ಯಪದಕವನ್ನು ಪಡೆದನು. ಹುಡುಗನಾಗಿ ಹೋದವನು ಪುರುಷನಾಗಿ ಮರಳಿದನು. ಆದರೆ ಚಿತ್ರ ತೆಗೆಯುವವರಿಗೆ ಪುರುಷನು ಬೇಕಾಗಿರಲಿಲ್ಲ. ಕಾಡಿನ ಹುಡುಗನೇ ಬೇಕಾಗಿದ್ದನು. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದಲ್ಲಿ, ಕ್ರೈಸ್ತ ಸಂನ್ಯಾಸಿನಿಯರಲ್ಲಿ ಓದಲು ಬರುವ ರಾಜಪುತ್ರನಾಗಿ ಆನೆಯ ಹಂಗಿಲ್ಲದೆ ಅಭಿನಯಿಸಬಲ್ಲೆನೆಂದು ಆತನು ತೋರಿಸಿಕೊಟ್ಟರೂ ಬಾಗಿಲು ತೆರೆಯಲಿಲ್ಲ. 1952ರಲ್ಲಿ ಲಂಡನ್ನಿನ ಸರ್ಕಸ್ಸಿನಲ್ಲಿ ಮತ್ತೆ ಆನೆಯ ಆಟವನ್ನೇ ಆಡಬೇಕಾಯಿತು. 1963ರ ಡಿಸೆಂಬರ್ 2ರಂದು, 39ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡನು. ಮರುವರ್ಷ ತೆರೆಕಂಡ ಆತನ ಕೊನೆಯ ಚಿತ್ರವು ಹುಲಿಯೊಂದರ ಕಥೆ. ಅದರಲ್ಲಿಯೂ ಆತನದು ಮೃಗಗಳನ್ನು ಪಳಗಿಸುವವನ ಪಾತ್ರವೇ.

ನಮ್ಮ ಮಹಾಲಿಂಗಪುರದ ಸುತ್ತಮುತ್ತ ಕೃಷ್ಣಪಾರಿಜಾತದ ಆಟವನ್ನು ಕಾಣದವರು ವಿರಳ. ರಾತ್ರಿಯೆಲ್ಲ ಕೃಷ್ಣನಾಗಿ ಕುಣಿದ ರೈತನು ಮೂಡಲು ಕೆಂಪಾಗುತ್ತಲೇ ಮುಖದ ಬಣ್ಣವನ್ನು ತೊಳೆದು ಹೊಲದ ದಾರಿಯನ್ನು ಹಿಡಿಯುತ್ತಾನೆ. ಊರವರು ಆತನನ್ನು ಮತ್ತೆ ಹೆಸರು ಹಿಡಿದು ಕರೆಯುತ್ತಾರೆ. ಈ ಸಣ್ಣ ಸ್ವಾತಂತ್ರ್ಯವು ಲೋಕಪ್ರಸಿದ್ಧನಾದ ಸಾಬುವಿಗೆ ದೊರೆಯಲಿಲ್ಲ.

ಈ ಮಾತು ನಟರಿಗಷ್ಟೇ ಸಲ್ಲುವುದೆಂದು ವಾಚಕರು ತಿಳಿಯಬಾರದು. ನಾವು ಶಾಲೆಯಲ್ಲಿ ಕಳೆದ ಬಹುಕಾಲದಲ್ಲಿ ಇಂಥ ಮಕ್ಕಳನ್ನು ಅನೇಕರನ್ನು ಕಂಡಿದ್ದೇವೆ. ಕೂಸೊಂದು ಒಮ್ಮೆ ಚೆನ್ನಾಗಿ ಹಾಡಿದರೆ ಸಾಕು, ಬಂದಬಂದವರೆದುರು ಅದನ್ನು ಹಾಡಿಸಿ ‘ಗಾಯಕಿ’ಯೆನ್ನುತ್ತಾರೆ; ಇನ್ನೊಬ್ಬನು ಒಮ್ಮೆ ತಪ್ಪಿದರೆ ಅವನು ಜನ್ಮಕ್ಕೆಲ್ಲ ‘ದಡ್ಡ’ನೇ. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಎರಡೂ ವೇಷಗಳೇ. ಮಕ್ಕಳು ಬೆಳೆಯುತ್ತಾರೆ, ನಾವು ತೊಡಿಸಿದ ಅಂಗಿಯು ಬೆಳೆಯುವುದಿಲ್ಲ. ಆದುದರಿಂದ ಗೃಹಸ್ಥರು ವರ್ಷಕ್ಕೊಮ್ಮೆಯಾದರೂ ತಮ್ಮ ಮಗುವನ್ನು ಹೊಸದಾಗಿ ಕಂಡವರಂತೆ ನೋಡಿ, ‘ಈಗ ನಿನಗೆ ಯಾವುದರಲ್ಲಿ ಮನಸ್ಸು?’ ಎಂದು ಕೇಳಲಿ. ಕೇಳಿದ ಮೇಲೆ ಅದರ ಉತ್ತರವನ್ನು ಪೂರ್ತಿಯಾಗಿ ಆಲಿಸಲಿ.