ಅಡುಗೆಮನೆ ಫ್ಯಾನಿನ ಗೊರಗೊರ

ಸೆಮಿಸ್ಟರ್ ರಜೆಗೆ ನಾವು, ಅಂದ್ರೆ ನಾನೂ ಡಿಪ್ಲೊಮಾ ಓದೋ ತಮ್ಮನೂ, ಮನೆಗೆ ಹೋದಾಗ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಬಂದ್ ಆಗಿತ್ತು. ಕೆಟ್ಟಿರಲಿಲ್ಲ. ಹಾಕಿದ್ರೆ ಗೊರಗೊರ ಸದ್ದಿಗೆ ಪಕ್ಕದ ರೂಮಲ್ಲಿ ಮಲಗಿರೋ ಅಜ್ಜಿಗೆ ಎಚ್ಚರ ಆಗುತ್ತೆ ಅಂತ ಅಮ್ಮ ಬೆಳಿಗ್ಗೆ ಐದೂವರೆಗೆ ಹೊಗೆಯಲ್ಲೇ ಒಗ್ಗರಣೆ ಹಾಕ್ತಾ, ಸೆರಗಲ್ಲಿ ಬಾಯಿ ಮುಚ್ಕೊಂಡು ಕೆಮ್ಮುತ್ತಿದ್ದರು. ಯಾವಾಗಿಂದ ಅಂತ ಕೇಳಿದ್ರೆ, "ಯುಗಾದಿಯಿಂದ ಇರಬೇಕು, ಬಿಡ್ರೋ" ಅಂದ್ರು. ಪ್ರತಿ ಭಾನುವಾರ ಹಾಸ್ಟೆಲಿಂದ ಫೋನ್ ಮಾಡ್ತಿದ್ದ ನಮಗೆ ಇದು ಗೊತ್ತೇ ಇರಲಿಲ್ಲ.

ಮೇನ್ ಆಫ್ ಮಾಡಿ ಫ್ಯಾನ್ ಇಳಿಸಿದ್ವಿ. ರೆಕ್ಕೆಗಳ ಮೇಲೆ ಜಿಡ್ಡು ಬೆಲ್ಲದ ಪಾಕದ ಹಾಗೆ ಅಂಟಿತ್ತು, ಅದೂ ಒಂದು ಕಡೆ ಹೆಚ್ಚು. ಲೆಕ್ಕ ಹಾಕಿದ್ವಿ: ನಿಮಿಷಕ್ಕೆ 1400 ಸುತ್ತು ತಿರುಗುವಾಗ ಮಧ್ಯದಿಂದ 10 ಸೆಂ.ಮೀ. ದೂರದಲ್ಲಿ 5 ಗ್ರಾಂ ಜಿಡ್ಡು ಹೆಚ್ಚಿದ್ರೆ ಶಾಫ್ಟನ್ನು ಸುಮಾರು 11 ನ್ಯೂಟನ್ ಬಲ ಎಳೆಯುತ್ತೆ. ಒಂದು ಕಿಲೋ ಸಕ್ಕರೆ ಪೊಟ್ಟಣ ನೇತುಹಾಕಿದ ಹಾಗೆ! ಇಂಟರ್ನಲ್ಸ್‌ನಲ್ಲಿ ಇದೇ ಸೂತ್ರ ತಪ್ಪು ಬರೆದಿದ್ದು ಬೇರೆ ಮಾತು.

ಬಿಸಿನೀರು, ಪಾತ್ರೆ ಸೋಪು ಹಾಕಿ ರೆಕ್ಕೆ ಉಜ್ಜಿದ್ವಿ. ನಡುಕ ಹೋಯ್ತು, ಗೊರಗೊರ ಹೋಗಲಿಲ್ಲ. ಕೈಯಲ್ಲಿ ತಿರುಗಿಸಿದರೆ ಒಳಗೆ ಮರಳಿದ್ದ ಹಾಗೆ. ಹಿಂದೊಮ್ಮೆ ನಾವೇ ಕೊಬ್ಬರಿ ಎಣ್ಣೆ ಬಿಟ್ಟು 'ರಿಪೇರಿ' ಮಾಡಿದ್ದು ನೆನಪಾಯ್ತು. ಅದು ಧೂಳು ಹಿಡಿದು ಗೋಂದಾಗಿತ್ತು. ಅಮ್ಮನ ಮುಂದೆ ಒಪ್ಪಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕಾಯ್ತು.

ಬೇರಿಂಗ್ ಮೇಲೆ 6201 ಅಂತಿತ್ತು. ಕೊನೆಯ 01 ಅಂದ್ರೆ ಒಳವ್ಯಾಸ 12 ಮಿ.ಮೀ. ಹೊಸ ಜೋಡಿ ತಂದು, ಒಳಗಿನ ರಿಂಗಿಗೆ ಮಾತ್ರ ಪೈಪ್ ತುಂಡು ಕೊಟ್ಟು ಶಾಫ್ಟಿಗೆ ಬಡಿದು ಕೂರಿಸಿದ್ವಿ. ಹೊರಗಿನ ರಿಂಗಿಗೆ ಬಡಿದ್ರೆ ಗುಂಡು ಓಡೋ ದಾರಿಯೇ ಹಾಳು.

ಮರುದಿನ ಆರಕ್ಕೆ ಎದ್ದು ನೋಡಿದ್ರೆ ಫ್ಯಾನ್ ಓಡ್ತಿತ್ತು. ಅಜ್ಜಿ ಇನ್ನೂ ಮಲಗಿದ್ರು. ಅಮ್ಮ ಬ್ಯಾಡಗಿ ಮೆಣಸಿನಕಾಯಿ ಹುರೀತಿದ್ರು.